ಹೊಟ್ಟೆಕಿಚ್ಚಿಗೆ ಕೋರ್ಟಲ್ಲಿ ಬೆಲೆ ಎಷ್ಟು?

ಈ ಸಲದ್ದು ಸ್ವಲ್ಪ ಉದ್ದ ಇದೆ, ಸಂಜೆ ಬಿಡುವಾದಾಗ ಓದಿ.

ನಮ್ಮ ಕಡೆ ಜಮೀನಿನ ತಕರಾರು ಯಾವುದೇ ತಗೊಳ್ಳಿ, ಒಂದು ಮಾತು ಬಂದೇ ಬರುತ್ತೆ. "ಅವನು ಬೇಕು ಅಂತಲೇ ಮಾಡ್ದ ಕಣಣ್ಣ." ಪಕ್ಕದೋನು ಬದುವಿನ ಹತ್ರ ಬೋರ್ ಕೊರೆಸಿದ, ನಮ್ಮ ಬೋರಲ್ಲಿ ಎರಡು ಇಂಚು ಬರ್ತಿದ್ದ ನೀರು ಅರ್ಧ ಇಂಚಿಗೆ ಬಂತು. ಅವನಿಗೆ ನೀರಿನ ಅವಶ್ಯಕತೆಯೇ ಇರಲಿಲ್ಲ, ನಮ್ಮ ತೋಟ ಒಣಗಲಿ ಅಂತ ಹೊಟ್ಟೆಕಿಚ್ಚಿಗೆ ಕೊರೆಸಿದ್ದು ಅಂತೀವಿ. ಪಂಚಾಯ್ತಿ ಕಟ್ಟೆಯಲ್ಲೂ ಇದೇ ಮಾತು, ವಕೀಲರ ಆಫೀಸಲ್ಲೂ ಇದೇ ಮಾತು. ಕೋರ್ಟು ಮಾತ್ರ ಮೊದಲು ಕೇಳೋದು ಬೇರೆ. "ನಿಮ್ಮ ಯಾವ ಹಕ್ಕಿಗೆ ಪೆಟ್ಟು ಬಿತ್ತು?" ಇದಕ್ಕೆ ಉತ್ತರ ಇಲ್ಲದೆ ಬರೀ ಹೊಟ್ಟೆಕಿಚ್ಚಿನ ಕಥೆ ಹಿಡಿದು ಹೋದೋರು ವರ್ಷಗಟ್ಟಲೆ ಅಲೆದು, ಜೇಬು ಖಾಲಿ ಮಾಡ್ಕೊಂಡು ವಾಪಸ್ ಬಂದಿದ್ದಾರೆ. ಈ ಪದ್ಧತಿ ಎಲ್ಲಿಂದ ಬಂತು, ಇದರಲ್ಲಿ ನಮಗೆ ದಾರಿ ಎಲ್ಲಿದೆ ಅನ್ನೋದನ್ನ ಬರೀತೀನಿ. ನಾನು ವಕೀಲನಲ್ಲ. ನಿಮ್ಮ ಮೇಲೆ ಕೇಸು ಇದ್ದರೆ ವಕೀಲರನ್ನೇ ಕೇಳಿ.

ಒಬ್ಬರಿಂದ ಇನ್ನೊಬ್ಬರಿಗೆ ಆದ ನಷ್ಟಕ್ಕೆ ಪರಿಹಾರ ಕೇಳೋ ಸಿವಿಲ್ ಕಾನೂನಿಗೆ ಟಾರ್ಟ್ ಅಂತಾರೆ. ಕನ್ನಡದ ಕಾನೂನು ಪುಸ್ತಕಗಳಲ್ಲಿ ಅಪಕೃತ್ಯ ಅಂತ ಬರೀತಾರೆ. ಇದು ಪೊಲೀಸ್ ಕೇಸಲ್ಲ. ಜೈಲು ಇಲ್ಲ, ದುಡ್ಡಿನ ಪರಿಹಾರ ಇಲ್ಲಾ ತಡೆಯಾಜ್ಞೆ, ಅಷ್ಟೇ.

ತರಗುಪೇಟೆಯಿಂದಲೇ ಶುರು ಮಾಡೋಣ. ಬೆಂಗಳೂರಿನ ಹಳೇ ಪೇಟೆಯಲ್ಲಿ ಅಕ್ಕಿಪೇಟೆ, ರಾಗಿಪೇಟೆ ಇದ್ದ ಹಾಗೆ ತರಗುಪೇಟೆ ದವಸ ಧಾನ್ಯದ ಜಾಗ. ನಮ್ಮಲ್ಲಿ ಮಾಲು ಹಾಕಿದೋರಿಗೆ ಆ ಬೀದಿ ಗೊತ್ತೇ ಇದೆ, ಎದುರುಬದುರು ಮಂಡಿ, ಮಧ್ಯ ಲಾರಿ, ಮೂಟೆ ಹೊರೋರು. ಈಗ ಒಂದು ಲೆಕ್ಕ ಹಾಕಿ. ಒಬ್ಬರದು ಐವತ್ತು ವರ್ಷದ ಮಂಡಿ. ಅವರ ಮೇಲಿನ ಹಗೆಗೆ ಇನ್ನೊಬ್ಬ ಎದುರಿಗೇ ಮಂಡಿ ತೆಗೆದು, ರೈತರಿಗೆ ಕ್ವಿಂಟಾಲಿಗೆ ಐವತ್ತು ರೂಪಾಯಿ ಜಾಸ್ತಿ ಕೊಟ್ಟ. ಹಳೇ ಮಂಡಿ ಆರು ತಿಂಗಳಲ್ಲಿ ಮುಚ್ಚಿತು. ಹಳಬರಿಗೆ ನಷ್ಟ ಆಗಿರೋದೂ ನಿಜ, ಹೊಸಬನ ಮನಸ್ಸಲ್ಲಿ ವಿಷ ಇದ್ದಿದ್ದೂ ನಿಜ. ಪರಿಹಾರ ಸಿಗುತ್ತಾ?

ಸಿಗೋದಿಲ್ಲ. 1410ರಲ್ಲೇ ಇಂಗ್ಲೆಂಡಿನ ಗ್ಲಾಸ್ಟರ್ ಊರಿನ ಒಂದು ಕೇಸಲ್ಲಿ ಇದು ತೀರ್ಮಾನ ಆಗಿದೆ. ಅಲ್ಲಿ ತಕರಾರು ಮಂಡಿದಲ್ಲ, ಶಾಲೇದು. ಹಳೇ ಶಾಲೆ ಮೇಷ್ಟ್ರುಗಳು ಮೂರು ತಿಂಗಳಿಗೆ ಒಂದು ಮಗುವಿಗೆ 40 ಪೆನ್ನಿ ತಗೋತಿದ್ದರು. ಅದೇ ಊರಲ್ಲಿ ಇನ್ನೊಬ್ಬ ಶಾಲೆ ತೆಗೆದ. ಇವರ ಫೀಸು 12 ಪೆನ್ನಿಗೆ ಇಳೀತು. ಮೇಷ್ಟ್ರುಗಳು ದಾವಾ ಹಾಕಿದರು, ಸೋತರು. ನಷ್ಟ ಆಗಿರಬಹುದು, ಆದರೆ ನಿಮ್ಮೊಬ್ಬರದೇ ಶಾಲೆ ಇರಬೇಕು ಅನ್ನೋ ಹಕ್ಕು ನಿಮಗಿಲ್ಲವಲ್ಲ ಅಂತ ಕೋರ್ಟಿನ ವಾದ. ನಷ್ಟ ಬೇರೆ, ಹಕ್ಕಿಗೆ ಬಿದ್ದ ಪೆಟ್ಟು ಬೇರೆ. ಈ ಗೆರೆ ನೆನಪಿಟ್ಕೊಳ್ಳಿ, ಮುಂದೆಲ್ಲಾ ಇದೇ ಬರುತ್ತೆ.

ಇಂಗ್ಲೆಂಡಿನ ಮಾತು ನಮ್ಮ ಬೆಂಗಳೂರಿಗೆ ಹೇಗೆ ಬಂತು? ತರಗುಪೇಟೆಯಿಂದ ಕಾಲ್ನಡಿಗೆ ದೂರದಲ್ಲಿ ಕೋಟೆ ಇದೆ, ಟಿಪ್ಪು ಬೇಸಿಗೆ ಅರಮನೆ ಇದೆ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ಕೈಗೆ ತಗೊಂಡ ಮೇಲೆ ಸರ್ಕಾರದ ಕಚೇರಿಗಳು ಆ ಅರಮನೆಯಲ್ಲೇ ಇದ್ದವು. 1868ರಲ್ಲಿ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡಕ್ಕೆ ಹೋದವು. ಅದೇ ಅಠಾರ ಕಚೇರಿ, ಈಗಿನ ಹೈಕೋರ್ಟು. ಮೈಸೂರು ಚೀಫ್ ಕೋರ್ಟು ಬಂದಿದ್ದು 1884ರಲ್ಲಿ.

ಭಾರತದಲ್ಲಿ ಅಪರಾಧಕ್ಕೆ ದಂಡಸಂಹಿತೆ, ಕರಾರಿಗೆ ಕರಾರು ಕಾಯ್ದೆ ಅಂತ ಬರೆದಿಟ್ಟರು. ಟಾರ್ಟಿಗೆ ಮಾತ್ರ ಇವತ್ತಿಗೂ ಅಂಥ ಒಂದು ಕಾಯ್ದೆ ಪುಸ್ತಕ ಇಲ್ಲ. ಫ್ರೆಡರಿಕ್ ಪೊಲಾಕ್ ಅನ್ನೋ ಪಂಡಿತರು 1886ರಲ್ಲಿ ಒಂದು ಮಸೂದೆ ಬರೆದುಕೊಟ್ಟರು, ಅದು ಕಾಯ್ದೆ ಆಗಲೇ ಇಲ್ಲ. ಬರೆದ ಕಾನೂನು ಇಲ್ಲದ ಕಡೆ ನ್ಯಾಯ, ಸಮಾನತೆ, ಒಳ್ಳೆಯ ಮನಸ್ಸಾಕ್ಷಿ ನೋಡಿ ತೀರ್ಪು ಕೊಡಿ ಅನ್ನೋ ನಿಯಮ ಇತ್ತು. 1887ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಇದರ ಅರ್ಥ ಸಾಮಾನ್ಯವಾಗಿ ಇಂಗ್ಲಿಷ್ ಕಾನೂನೇ, ಇಲ್ಲಿನ ಸಮಾಜಕ್ಕೆ ಹೊಂದೋ ಹಾಗಿದ್ದರೆ ಅಂತು. ಹಾಗಾಗಿ ನಮ್ಮ ಬದುವಿನ ಜಗಳಕ್ಕೂ ಇಂಗ್ಲೆಂಡಿನ ಊರುಗಳ ಜಗಳವೇ ಅಳತೆಗೋಲು ಆಯ್ತು. ಅದರಲ್ಲಿ ಎರಡು ಜಗಳ ನಮ್ಮ ಬೋರ್‌ವೆಲ್ಲಿಗೆ ನೇರ ಸಂಬಂಧ.

ಮೊದಲನೇದು 1859ರದು. ವಾಂಡಲ್ ಅನ್ನೋ ನದಿ ಮೇಲೆ ಒಬ್ಬ ಗಿರಣಿ ಇಟ್ಟಿದ್ದ. 60 ವರ್ಷಕ್ಕೂ ಮೀರಿ ಆ ನೀರಲ್ಲಿ ಗಿರಣಿ ತಿರುಗಿತ್ತು. ಪಕ್ಕದ ಕ್ರಾಯ್ಡನ್ ಪಟ್ಟಣದೋರು ಜನರಿಗೆ ಕುಡಿಯೋ ನೀರಿಗೆ ಅಂತ ದೊಡ್ಡ ಬಾವಿ ತೋಡಿ ಪಂಪ್ ಮಾಡಿದರು. ನೆಲದೊಳಗೆ ಜಿನುಗಿ ನದಿ ಸೇರಬೇಕಾಗಿದ್ದ ನೀರು ಬಾವಿಗೆ ಹೋಯ್ತು, ನದಿ ತೆಳ್ಳಗಾಯ್ತು. ಗಿರಣಿಯವನು ಸೋತ. ನೆಲದೊಳಗೆ ಗೊತ್ತಾದ ಕಾಲುವೆ ಇಲ್ಲದೆ ಜಿನುಗೋ ನೀರಿನ ಮೇಲೆ ಯಾರಿಗೂ ಹಕ್ಕಿಲ್ಲ, ತನ್ನ ಭೂಮಿಯಲ್ಲಿ ತೋಡಿ ತಗೊಂಡೋನಿಗೆ ಅದು ಅಂತ ತೀರ್ಪು.

ಎರಡನೇದು 1895ರದು, ಬ್ರ್ಯಾಡ್‌ಫರ್ಡ್ ಪಟ್ಟಣದ್ದು. ಅಲ್ಲಿನ ನಗರಸಭೆ ಊರಿಗೆ ನೀರು ಕೊಡ್ತಿದ್ದಿದ್ದು ಕೆಲವು ಬುಗ್ಗೆಗಳಿಂದ. ಬುಗ್ಗೆಗೆ ಮೇಲುಗಡೆ ಎಡ್ವರ್ಡ್ ಪಿಕಲ್ಸ್ ಅನ್ನೋನ ಜಮೀನು. ಅವನು ತನ್ನ ಜಮೀನಲ್ಲಿ ಗುಂಡಿ ತೋಡಿ, ಸುರಂಗ ಹೊಡೆಯೋಕೆ ಶುರು ಮಾಡಿದ. ಬುಗ್ಗೆ ನೀರು ಕಡಿಮೆ ಆಯ್ತು, ಕೆಲವು ಸಲ ಬಗ್ಗಡ ಆಯ್ತು. ಕಲ್ಲು ತೆಗೆಯೋಕೆ ಅಂತ ಅವನು ಹೇಳ್ದ. ಅದು ಸುಳ್ಳು, ನಮ್ಮ ನೀರು ನಿಲ್ಲಿಸಿ, ತನ್ನ ಜಮೀನನ್ನ ಹೆಚ್ಚು ದುಡ್ಡಿಗೆ ನಮ್ಮ ತಲೆಗೆ ಕಟ್ಟೋಕೆ ಹೂಡಿದ ಆಟ ಅಂತ ನಗರಸಭೆ ಹೇಳ್ತು. ಕೆಳಗಿನ ಕೋರ್ಟಲ್ಲಿ ನಗರಸಭೆ ಗೆದ್ದಿತು, ಮೇಲ್ಮನವಿಯಲ್ಲಿ ಸೋತಿತು. ಕೊನೆಗೆ ಹೌಸ್ ಆಫ್ ಲಾರ್ಡ್ಸ್ ಕೂಡ ಪಿಕಲ್ಸ್ ಪರವೇ ಹೇಳ್ತು. ಅವನ ಉದ್ದೇಶ ಎಷ್ಟೇ ಕೆಟ್ಟದ್ದಿರಲಿ, ಮಾಡೋಕೆ ಹಕ್ಕಿರೋ ಕೆಲಸ ಕೆಟ್ಟ ಉದ್ದೇಶದಿಂದ ಕಾನೂನುಬಾಹಿರ ಆಗೋದಿಲ್ಲ. ಹಾಗೇ, ಹಕ್ಕಿಲ್ಲದ ಕೆಲಸ ಒಳ್ಳೆ ಉದ್ದೇಶದಿಂದ ಸರಿ ಆಗೋದಿಲ್ಲ.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕ್ರಾಯ್ಡನ್‌ನಲ್ಲಿ ಬಾವಿ ತೋಡಿದೋರು ಊರಿಗೆ ಕುಡಿಯೋ ನೀರು ಕೊಡೋಕೆ ತೋಡಿದರು, ಉದ್ದೇಶ ಪುಣ್ಯದ್ದು. ಬ್ರ್ಯಾಡ್‌ಫರ್ಡ್‌ನಲ್ಲಿ ತೋಡಿದೋನದು ಊರಿನ ನೀರಿಗೇ ಅಡ್ಡಗಾಲು. ಇಬ್ಬರೂ ಗೆದ್ದರು. ಕೋರ್ಟು ನೋಡಿದ್ದು ಒಂದೇ, ಜಿನುಗು ನೀರಿನ ಮೇಲೆ ಎದುರಾಳಿಗೆ ಹಕ್ಕಿತ್ತಾ ಇಲ್ಲವಾ ಅಂತ. ನಮ್ಮ ದೇಶದ 1882ರ ಈಸ್ಮೆಂಟ್ ಕಾಯ್ದೆಯ 7ನೇ ಕಲಮಿನ ಉದಾಹರಣೆಗಳಲ್ಲೂ ಇದೇ ಇದೆ. ಗೊತ್ತಾದ ಕಾಲುವೆಯಲ್ಲಿ ಹರಿಯದೆ ಇರೋ ನೆಲದಡಿ ನೀರನ್ನ ತನ್ನ ಗಡಿಯೊಳಗೆ ಹಿಡಿದು ಬಳಸೋದು ಪ್ರತಿ ಭೂಮಾಲೀಕನ ಹಕ್ಕು ಅಂತ. ಪಕ್ಕದೋನ ಬೋರಿನ ಮೇಲೆ "ಹೊಟ್ಟೆಕಿಚ್ಚಿಗೆ ಕೊರೆಸಿದ" ಅನ್ನೋ ಒಂದೇ ಕಾರಣಕ್ಕೆ ಹಾಕಿದ ದಾವಾ ನಿಲ್ಲದೆ ಇರೋದು ಇದಕ್ಕೇ.

ಇದು ಅನ್ಯಾಯ ಅನ್ನಿಸುತ್ತೆ. ನನಗೂ ಮೊದಲು ಹಾಗೇ ಅನ್ನಿಸಿತು. ಆದರೆ ಉಲ್ಟಾ ಯೋಚನೆ ಮಾಡಿ. ಉದ್ದೇಶ ನೋಡಿ ತೀರ್ಪು ಕೊಡೋದಾದರೆ, ಅದೇ ಜಾಗದಲ್ಲಿ ಅದೇ ಆಳದ ಬೋರು ಒಳ್ಳೆಯವನು ಕೊರೆಸಿದರೆ ಸರಿ, ನಮಗಾಗದವನು ಕೊರೆಸಿದರೆ ತಪ್ಪು ಅಂತ ಆಗುತ್ತೆ. ನಾಳೆ ನೀವು ನಿಮ್ಮ ಜಮೀನಲ್ಲಿ ಕೊರೆಸಿದಾಗ ಪಕ್ಕದೋನೂ ಅದನ್ನೇ ಹೇಳ್ತಾನೆ. ಹಳೇ ಜಗಳ ಇರೋ ಇಬ್ಬರಲ್ಲಿ ಯಾರು ಏನು ಮಾಡಿದರೂ ದುರುದ್ದೇಶವೇ. ಊರಲ್ಲಿ ಯಾರ ಮಧ್ಯೆ ಹಳೇ ಜಗಳ ಇಲ್ಲ ಹೇಳಿ? ಮನಸ್ಸಿನೊಳಗೆ ಇಣುಕಿ ನೋಡೋ ಕೆಲಸ ಸಿವಿಲ್ ಕೋರ್ಟಿಗೆ ಕೊಟ್ಟರೆ, ಗೆಲ್ಲೋನು ಸಾಕ್ಷಿ ಹೇಳಿಸೋ ತಾಕತ್ತಿರೋನು.

ಇಲ್ಲಿ ಒಂದು ವ್ಯತ್ಯಾಸ ಹೇಳಲೇಬೇಕು. ಬೇಕಂತ ಮಾಡೋದು ಬೇರೆ, ಯಾತಕ್ಕೆ ಮಾಡ್ದ ಅನ್ನೋದು ಬೇರೆ. ನಿಮ್ಮ ಡ್ರಿಪ್ ಪೈಪನ್ನ ಒಬ್ಬ ಗೊತ್ತಿದ್ದೂ ಕೊಯ್ದ ಅಂದರೆ ಅದು ಬೇಕಂತ ಮಾಡಿದ್ದು, ಅದು ಕೋರ್ಟಿಗೆ ಬೇಕು. ಹೊಟ್ಟೆಕಿಚ್ಚಿಗೆ ಕೊಯ್ದನಾ, ತನ್ನ ಎಮ್ಮೆಗೆ ದಾರಿ ಮಾಡೋಕೆ ಕೊಯ್ದನಾ ಅನ್ನೋದು ಯಾತಕ್ಕೆ ಅನ್ನೋ ಪ್ರಶ್ನೆ. ಪೈಪು ನಿಮ್ಮದು, ಜಮೀನು ನಿಮ್ಮದು, ಕೊಯ್ದದ್ದು ತಪ್ಪು. ಎಮ್ಮೆಗೇ ಆಗಿದ್ದರೂ ದುಡ್ಡು ಕಟ್ಟಬೇಕು.

ಉದ್ದೇಶ ಕೆಟ್ಟದ್ದಿಲ್ಲದೆ ಇದ್ದರೂ ಹೊಣೆ ತಪ್ಪೋದಿಲ್ಲ ಅನ್ನೋದಕ್ಕೆ ನಮ್ಮ ಕರ್ನಾಟಕ ಹೈಕೋರ್ಟಿನದೇ ಒಂದು ಒಳ್ಳೆ ಕೇಸಿದೆ, 1987ರ ತೀರ್ಪು ವರದಿಗಳಲ್ಲಿ ಸಿಗುತ್ತೆ. ಮುಕೇಶ್ ಟೆಕ್ಸ್‌ಟೈಲ್ ಮಿಲ್ಸ್ ಅನ್ನೋ ಕಂಪನಿಗೆ ಒಂದು ಸಕ್ಕರೆ ಕಾರ್ಖಾನೆ ಇತ್ತು. ಮಣ್ಣಿನ ಏರಿ ಹಾಕಿದ ದೊಡ್ಡ ತೊಟ್ಟಿಯಲ್ಲಿ ಸುಮಾರು 8,000 ಟನ್ ಕಾಕಂಬಿ ಇಟ್ಟಿದ್ದರು. ಇಲಿ ಹೆಗ್ಗಣ ಏರಿ ಕೊರೆದು ಕೊರೆದು ಒಂದು ದಿನ ಏರಿ ಒಡೀತು. ಕಾಕಂಬಿ ನೀರಿನ ಕಾಲುವೆಗೆ ನುಗ್ಗಿ ಪಕ್ಕದ ರೈತರ ಭತ್ತ, ಕಬ್ಬಿನ ಬೆಳೆ ಮೇಲೆ ಹರೀತು. ಇಲ್ಲಿ ಯಾರಿಗೂ ರೈತರ ಮೇಲೆ ಹಗೆ ಇರಲಿಲ್ಲ, ಕಂಪನಿಗೂ ನಷ್ಟವೇ. ಆದರೂ ಕಂಪನಿ 14,700 ರೂಪಾಯಿ ಬಡ್ಡಿ ಸಮೇತ ಕೊಡಬೇಕಾಯ್ತು. ಏರಿ ಕಾಪಾಡೋದರಲ್ಲಿ ಅಜಾಗ್ರತೆ ಇತ್ತು ಅನ್ನೋದು ಒಂದು ಕಾರಣ. ಇನ್ನೊಂದು, ಹೊರಗೆ ಹರಿದರೆ ಹಾನಿ ಮಾಡೋ ವಸ್ತುವನ್ನ ತನ್ನ ಜಾಗಕ್ಕೆ ತಂದು ಕೂಡಿಟ್ಟೋನು ಅದು ತಪ್ಪಿಸ್ಕೊಂಡರೆ ಹೊಣೆ ಅನ್ನೋ ಹಳೇ ನಿಯಮ. ಇದೂ ಇಂಗ್ಲೆಂಡಿನದೇ, 1868ರದು. ಆ ರೈತರು ಕಂಪನಿಯವರ ದುರಹಂಕಾರದ ಬಗ್ಗೆ ನೂರು ಸಾಕ್ಷಿ ಹೇಳಿಸಬೇಕಾಗಿರಲಿಲ್ಲ. ಏರಿ ಒಡೆದದ್ದು, ಬೆಳೆ ಹೋಗಿದ್ದು, ಎಷ್ಟು ಹೋಯ್ತು, ಇಷ್ಟೇ ಸಾಕಾಯ್ತು.

ಹಾಗಾದರೆ ದುರುದ್ದೇಶಕ್ಕೆ ಕೋರ್ಟಲ್ಲಿ ಜಾಗವೇ ಇಲ್ವಾ? ಇದೆ, ಆದರೆ ಲೆಕ್ಕದ ಜಾಗಗಳಲ್ಲಿ ಮಾತ್ರ. ನಮಗೆ ಬೇಕಾದವು ಇವು.

ಒಂದು, ಸುಳ್ಳು ಪೊಲೀಸ್ ಕೇಸು. ಬದು ಜಗಳದಲ್ಲಿ ಎದುರು ಪಾರ್ಟಿ ಮೇಲೆ ಕಳ್ಳತನ, ಹಲ್ಲೆ ಅಂತ ಕಂಪ್ಲೇಂಟ್ ಕೊಡೋದು ನಮ್ಮ ಕಡೆ ಮಾಮೂಲು. ಅದರಿಂದ ಬಿಡುಗಡೆ ಆದೋರು ಪರಿಹಾರ ಕೇಳಬಹುದು. ನಾಲ್ಕು ವಿಷಯ ತೋರಿಸಬೇಕು: ಕೇಸು ನಡೆಸಿದ್ದು ಅವನೇ, ಅದು ನಿಮ್ಮ ಪರ ಮುಗೀತು, ಕೇಸು ಹಾಕೋಕೆ ನ್ಯಾಯವಾದ ಕಾರಣ ಇರಲಿಲ್ಲ, ಹಾಕಿದ್ದು ದುರುದ್ದೇಶದಿಂದ. ಜೊತೆಗೆ ನಿಮಗಾದ ನಷ್ಟ. ಇಲ್ಲಿ ದುರುದ್ದೇಶ ಸಾಬೀತು ಮಾಡಲೇಬೇಕು. 1963ರ ಕಾಲಮಿತಿ ಕಾಯ್ದೆ ಪ್ರಕಾರ ಬಿಡುಗಡೆ ಆದ ದಿನದಿಂದ ಒಂದೇ ವರ್ಷದೊಳಗೆ ದಾವಾ ಹಾಕಬೇಕು. ಗೆದ್ದ ಖುಷಿಯಲ್ಲಿ ಎಷ್ಟೋ ಜನ ಈ ಒಂದು ವರ್ಷ ಕಳ್ಕೋತಾರೆ.

ಎರಡು, ಉಪದ್ರವ. ಸದ್ದು, ಹೊಗೆ, ವಾಸನೆ ಇಂಥವು. ಇಂಗ್ಲೆಂಡಿನಲ್ಲಿ 1936ರಲ್ಲಿ ಒಂದು ಕೇಸು ನಡೀತು. ಒಬ್ಬರು ತುಪ್ಪಳಕ್ಕೆ ಸಿಲ್ವರ್ ಫಾಕ್ಸ್ ಅನ್ನೋ ನರಿ ಸಾಕ್ತಿದ್ದರು. ಪಕ್ಕದ ಜಮೀನಿನವನು ತನ್ನದನ್ನ ಮನೆ ಕಟ್ಟೋಕೆ ಮಾರಬೇಕು ಅಂತಿದ್ದ, ನರಿ ಫಾರಂ ಬೋರ್ಡು ನೋಡಿದರೆ ಗಿರಾಕಿ ಬರಲ್ಲ, ತೆಗೀರಿ ಅಂದ. ಇವರು ತೆಗೀಲಿಲ್ಲ. ನರಿ ಮರಿ ಹಾಕೋ ಕಾಲಕ್ಕೆ ಅವನು ಗಡಿ ಹತ್ರ ಬಂದೂಕು ಹಾರಿಸೋಕೆ ಮಗನನ್ನ ಕಳಿಸಿದ. ಬೆದರಿದ ಹೆಣ್ಣು ನರಿ ಮರಿಯನ್ನ ಕೊಂದುಬಿಡುತ್ತೆ ಅಂತ ಗೊತ್ತಿದ್ದೇ ಮಾಡಿದ್ದು. ನನ್ನ ಜಮೀನಲ್ಲಿ ಮೊಲ ಹೊಡೆಯೋಕೆ ಹಾರಿಸಿದೆ ಅಂದರೂ ಕೋರ್ಟು ಒಪ್ಪದೆ ತಡೆಯಾಜ್ಞೆ ಕೊಡ್ತು. ಪಿಕಲ್ಸ್ ಗೆದ್ದ, ಇವನು ಯಾಕೆ ಸೋತ? ಜಿನುಗು ನೀರಿನ ಮೇಲೆ ನಗರಸಭೆಗೆ ಹಕ್ಕೇ ಇರಲಿಲ್ಲ. ತನ್ನ ಜಾಗದಲ್ಲಿ ನೆಮ್ಮದಿಯಾಗಿ ಇರೋ ಹಕ್ಕು ನರಿ ಸಾಕಿದೋರಿಗೆ ಇತ್ತು. ಅಕ್ಕಪಕ್ಕದೋರು ಒಬ್ಬರನ್ನೊಬ್ಬರು ಎಷ್ಟು ಸಹಿಸ್ಕೋಬೇಕು ಅಂತ ಅಳೆಯುವಾಗ ಉದ್ದೇಶವೂ ತಕ್ಕಡಿಗೆ ಬರುತ್ತೆ. ನಮ್ಮಲ್ಲಿ ರೇಷ್ಮೆ ಮಾಡೋರು ಇದನ್ನ ಗಮನಿಸಿ. ಪಕ್ಕದ ಟೊಮೇಟೊಗೆ ಔಷಧಿ ಹೊಡೆಯೋದು ಒಂದು, ಹುಳ ಹಣ್ಣಾಗೋ ಹೊತ್ತಿಗೆ ಗಾಳಿ ದಿಕ್ಕು ನೋಡಿ ನಿಮ್ಮ ಹಿಪ್ಪುನೇರಳೆ ಕಡೆಗೇ ಹೊಡೆಯೋದು ಇನ್ನೊಂದು.

ಮೂರು, ಒಟ್ಟುಗೂಡಿ ಮಾಡಿದ ಸಂಚು. ಮತ್ತೆ ತರಗುಪೇಟೆ ಲೆಕ್ಕಕ್ಕೇ ಬನ್ನಿ. ಒಬ್ಬನೇ ಹಗೆಗೆ ಎದುರು ಮಂಡಿ ಇಟ್ಟರೆ ತಪ್ಪಲ್ಲ ಅಂದೆ. ಹತ್ತು ಜನ ಸೇರಿ ಒಬ್ಬನನ್ನ ಮುಳುಗಿಸಬೇಕು ಅನ್ನೋದೇ ಮುಖ್ಯ ಗುರಿಯಾಗಿ ಕೆಲಸ ಮಾಡಿ ನಷ್ಟ ಮಾಡಿದರೆ ಅದು ತಪ್ಪಾಗಬಹುದು. ತಮ್ಮ ವ್ಯಾಪಾರ ಉಳಿಸ್ಕೊಳ್ಳೋದು ಮುಖ್ಯ ಗುರಿ ಆಗಿದ್ದರೆ ತಪ್ಪಲ್ಲ. ಚೀನಾದಿಂದ ಚಹಾ ಸಾಗಿಸೋ ಹಡಗು ಕಂಪನಿಗಳು ಒಂದಾಗಿ ಇನ್ನೊಂದು ಕಂಪನಿಯನ್ನ ಹೊರಗಿಟ್ಟ ಕೇಸಲ್ಲಿ 1892ರಲ್ಲಿ ಹಡಗಿನೋರು ಗೆದ್ದರು. 1901ರಲ್ಲಿ ಐರ್ಲೆಂಡಿನ ಒಬ್ಬ ಮಾಂಸದ ವ್ಯಾಪಾರಿಯ ಗಿರಾಕಿಯನ್ನ ಸಂಘದೋರು ಸೇರಿ ಬೆದರಿಸಿ ಬಿಡಿಸಿದ ಕೇಸಲ್ಲಿ ವ್ಯಾಪಾರಿ ಗೆದ್ದ. ಇಲ್ಲಿ ಗುರಿ ಏನು ಅನ್ನೋದೇ ಕೇಸಿನ ಜೀವ. ಈಗ ವ್ಯಾಪಾರಿಗಳು ಒಳಗೊಳಗೇ ಸೇರಿ ರೇಟು ಕಟ್ಟೋದಕ್ಕೆ 2002ರ ಸ್ಪರ್ಧಾ ಕಾಯ್ದೆ ಬೇರೆ ಇದೆ.

ನಾಲ್ಕು, ಅಧಿಕಾರಿಗಳು. ಕೈಯಲ್ಲಿರೋ ಸರ್ಕಾರಿ ಅಧಿಕಾರವನ್ನ ಹಗೆಗೆ ಬಳಸಿದರೆ ಅದು ಬೇರೆಯೇ ತಪ್ಪು. ಪರಿಹಾರದ ಮೊತ್ತಕ್ಕೂ ಉದ್ದೇಶ ಸೇರುತ್ತೆ. ಭೀಮ್ ಸಿಂಗ್ ಅನ್ನೋ ಶಾಸಕರನ್ನ ಜಮ್ಮು ಕಾಶ್ಮೀರದಲ್ಲಿ ವಿಧಾನಸಭೆಗೆ ಹೋಗದ ಹಾಗೆ ಹಿಡಿದಿಟ್ಟಿದ್ದಕ್ಕೆ 1985ರಲ್ಲಿ ಸುಪ್ರೀಂ ಕೋರ್ಟು 50,000 ರೂಪಾಯಿ ಕೊಡಿಸಿತು. ಆದರೆ ಮೊದಲು ತಪ್ಪು ಇರಬೇಕು. ಉತ್ತರ ಪ್ರದೇಶದಲ್ಲಿ ಒಬ್ಬರು ಅನುಮತಿ ಇಲ್ಲದೆ ಕಟ್ಟಿದ 16 ಅಂಗಡಿಗಳನ್ನ ಟೌನ್ ಕಮಿಟಿ ಒಡೆದು ಹಾಕಿತು. ಕಮಿಟಿಯೋರು ದ್ವೇಷಕ್ಕೆ ಒಡೆದರು ಅಂತ ಅವರು ಹೋದರು. ಒಡೆದದ್ದು ಕಾನೂನು ಪ್ರಕಾರ ಇದ್ದರೆ ದ್ವೇಷದ ಮಾತು ಬರೋದೇ ಇಲ್ಲ ಅಂತ 1975ರಲ್ಲಿ ಅಲಹಾಬಾದ್ ಹೈಕೋರ್ಟು ಹೇಳ್ತು.

ಈಗ ಮತ್ತೆ ನೀರಿಗೆ. 1859ರಲ್ಲಿ ಬಾವಿ ಅಂದರೆ ಜನ ತೋಡೋ ಬಾವಿ. ಸಾವಿರ ಅಡಿ ಕೊರೆಯೋ ರಿಗ್ ಲಾರಿ ಆ ಜಡ್ಜುಗಳ ಕನಸಲ್ಲೂ ಬಂದಿರಲಿಲ್ಲ. ಆ ಕಾಲದ ನಿಯಮ ಇವತ್ತಿನ ನೆಲಕ್ಕೆ ಸಾಲದು ಅನ್ನೋದು ನಿಜ. ಕೇರಳದ ಪ್ಲಾಚಿಮಡದಲ್ಲಿ ಕೋಕಾ ಕೋಲಾ ಕಾರ್ಖಾನೆ ಕೇಸಲ್ಲಿ 2003ರಲ್ಲಿ ಹೈಕೋರ್ಟಿನ ಒಬ್ಬ ಜಡ್ಜು ಅಂತರ್ಜಲ ಎಲ್ಲರ ಸೊತ್ತು, ಮಾಲೀಕ ಮನಸ್ಸಿಗೆ ಬಂದಷ್ಟು ಎಳೆಯೋ ಹಾಗಿಲ್ಲ ಅಂದರು. 2005ರಲ್ಲಿ ಅದೇ ಹೈಕೋರ್ಟಿನ ಇಬ್ಬರು ಜಡ್ಜುಗಳ ಪೀಠ ಬೇರೆ ಥರ ಹೇಳ್ತು. ಕೋರ್ಟುಗಳೇ ಎರಡು ಮನಸ್ಸಲ್ಲಿವೆ.

ನಮ್ಮ ರಾಜ್ಯ ಎರಡು ಕಾಯ್ದೆ ಮಾಡಿದೆ. 1999ರ ಕಾಯ್ದೆ ಪ್ರಕಾರ ಸಾರ್ವಜನಿಕ ಕುಡಿಯೋ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ, ಬೋರು ತೋಡೋ ಹಾಗಿಲ್ಲ. 2011ರ ಅಂತರ್ಜಲ ಕಾಯ್ದೆ ಪ್ರಕಾರ ಸರ್ಕಾರ ಅಧಿಸೂಚನೆ ಹೊರಡಿಸಿರೋ ಪ್ರದೇಶದಲ್ಲಿ ಕೊರೆಸೋಕೆ ಮೊದಲು ಅನುಮತಿ ಬೇಕು. ಈ ಎರಡರಲ್ಲೂ ಹೊಟ್ಟೆಕಿಚ್ಚು ಅನ್ನೋ ಪದವೇ ಬೇಕಾಗಿಲ್ಲ. ಎಷ್ಟು ದೂರ, ಅನುಮತಿ ಇದೆಯಾ, ಇದು ಅಧಿಸೂಚಿತ ತಾಲ್ಲೂಕಾ, ಇಷ್ಟೇ ಪ್ರಶ್ನೆ. ಇವನ್ನ ಟೇಪು ಹಿಡಿದು, ಕಾಗದ ನೋಡಿ ಹೇಳಬಹುದು. ಮನಸ್ಸನ್ನ ಅಳೆಯೋ ಟೇಪು ಯಾರ ಹತ್ರಾನೂ ಇಲ್ಲ.

ನನ್ನ ಅಭಿಪ್ರಾಯ ಇಷ್ಟು. ನೀರಿನ ವಿಷಯದಲ್ಲಿ ನಮಗೆ ರಕ್ಷಣೆ ಬರಬೇಕಾದ್ದು ದೂರ, ಆಳ, ಎಳೆಯೋ ಪ್ರಮಾಣದ ನಿಯಮದಿಂದ. ಗ್ರಾಮಸಭೆಯಲ್ಲಿ ನಾವು ಕೇಳಬೇಕಾದ್ದೂ ಅದನ್ನೇ. ಪಕ್ಕದೋನ ಬುದ್ಧಿ ಸರಿ ಇಲ್ಲ ಅಂತ ಸಾಬೀತು ಮಾಡೋಕೆ ಹೊರಟರೆ ಅದಕ್ಕೆ ಕೊನೆ ಇಲ್ಲ. ಅವನಿಗೂ ನಮ್ಮ ಬುದ್ಧಿ ಬಗ್ಗೆ ಹೇಳೋಕೆ ಬೇಕಾದಷ್ಟಿರುತ್ತೆ.

ವಕೀಲರ ಹತ್ರ ಹೋಗೋ ಮೊದಲು ಒಂದು ಹಾಳೆ ತಗೊಂಡು ಎರಡು ಭಾಗ ಮಾಡಿ. ಎಡಗಡೆ ನನ್ನ ಹಕ್ಕು ಏನು, ಅದಕ್ಕೆ ಏನಾಯ್ತು, ಯಾವತ್ತು, ಎಷ್ಟು ನಷ್ಟ ಅಂತ ಬರೀರಿ. ಪಹಣಿ, ಸರ್ವೆ ನಕ್ಷೆ, ಬೋರು ಕೊರೆಸಿದ ರಸೀದಿ, ಮೊದಲು ಎಷ್ಟು ಇಂಚು ನೀರಿತ್ತು ಅನ್ನೋ ಲೆಕ್ಕ, ಫೋಟೋ ಎಲ್ಲಾ ಆ ಕಡೆಗೆ. ಬಲಗಡೆ ಅವನು ಯಾಕೆ ಮಾಡ್ದ, ಹಿಂದೆ ಏನಂದ, ಜಾತ್ರೇಲಿ ಏನಂದ ಅದೆಲ್ಲಾ ಬರೀರಿ. ಬಲಗಡೆ ಮಾತ್ರ ತುಂಬಿ ಎಡಗಡೆ ಖಾಲಿ ಇದ್ದರೆ ಆ ಕೇಸಿಗೆ ದುಡ್ಡು ಹಾಕಬೇಡಿ, ಊರ ಹಿರಿಯರನ್ನ ಕೂರಿಸಿ ಮಾತಾಡಿ. ಎಡಗಡೆ ತುಂಬಿದ್ದರೆ ಬಲಗಡೆ ಇಲ್ಲದೇನೂ ಕೇಸು ನಿಲ್ಲುತ್ತೆ. ಸುಳ್ಳು ಕಂಪ್ಲೇಂಟ್ ಥರದ್ದಾದರೆ ಮಾತ್ರ ಎರಡೂ ಕಡೆ ತುಂಬಿರಬೇಕು.

ನಿಮ್ಮ ಊರಲ್ಲಿ 500 ಮೀಟರ್ ನಿಯಮ ಹಿಡಿದು ಅರ್ಜಿ ಕೊಟ್ಟೋರು ಇದ್ದರೆ, ಏನಾಯ್ತು ಅಂತ ತಿಳಿಸಿ. ಉಳಿದೋರಿಗೂ ಉಪಯೋಗ ಆಗುತ್ತೆ.